ಚಂಡಮಾರುತದ ಮಧ್ಯದಲ್ಲಿ ಏನಿರತ್ತೆ?

ಭದ್ರಾವತಿ ಹಳೇನಗರದ ವಿಶಾಲಮ್ಮ ಟೀಚರ್ ಭೂಗೋಳದ ಪಾಠಕ್ಕೆ ಮನೆಯಿಂದ ಊಟದ ತಟ್ಟೆ ತರುತ್ತಿದ್ದರು. ಬೋರಲು ಹಾಕಿದ ಚೊಂಬಿನ ಮೇಲೆ ತಟ್ಟೆ, ತಟ್ಟೆಯ ತುಂಬ ರಂಗೋಲಿ ಪುಡಿ. ಒಬ್ಬ ಅದನ್ನು ಎಡಕ್ಕೆ ತಿರುಗಿಸಬೇಕು, ಇನ್ನೊಬ್ಬ ನಡುವಿನಿಂದ ಅಂಚಿಗೆ ಬೆರಳು ಎಳೆಯಬೇಕು. ಗೆರೆ ಬಲಕ್ಕೆ ಡೊಂಕಾಗಿ ಬೀಳುತ್ತಿತ್ತು.

"ಬೆರಳು ನೆಟ್ಟಗೇ ಹೋಯ್ತು, ಗೆರೆ ಯಾಕ್ರೋ ಸೊಟ್ಟ?"

"ತಟ್ಟೆ ತಿರುಗ್ತಿತ್ತಲ್ಲ ಮಿಸ್!"

ಭೂಮಿಯೂ ಹಾಗೇ ತಿರುಗುತ್ತದೆ, ಅದಕ್ಕೇ ನಮ್ಮ ಕಡೆ ಗಾಳಿ ಬಲಕ್ಕೆ ವಾಲುತ್ತದೆ, ಒತ್ತಡ ಕಡಿಮೆಯಿರುವ ಜಾಗಕ್ಕೆ ನುಗ್ಗಿದ ಗಾಳಿ ನೇರ ಒಳಹೋಗಲಾರದೆ ಅದರ ಸುತ್ತ ಸುತ್ತುತ್ತದೆ, ಅದೇ ಚಂಡಮಾರುತ ಎಂದು ಅವರು ಹೇಳಿದರೆ ಎಂಥ ದಡ್ಡನ ತಲೆಗೂ ಹತ್ತುತ್ತಿತ್ತು.

ಒಂದು ವರ್ಷ ತಟ್ಟೆ ತಿರುಗಿಸುವ ಕೆಲಸ ಅವರ ತಮ್ಮ ಮುರಳಿಯದು. ತಾಯಿ ಸತ್ತ ಮೇಲೆ ವಿಶಾಲಮ್ಮನವರೇ ಸಾಕಿದ ಹುಡುಗ. ತರಗತಿಯಲ್ಲಿ ಮಿಸ್ ಅನ್ನಬೇಕು ಅಂತ ಎಷ್ಟು ಹೇಳಿದ್ದರೂ ಬಾಯಿತಪ್ಪಿ ಕೇಳಿದ: "ಅಕ್ಕಾ, ಗಾಳಿ ಸುತ್ತಾನೇ ತಿರುಗಿದ್ರೆ ಮಧ್ಯದಲ್ಲಿ ಏನಿರತ್ತೆ?"

ಹುಡುಗರು ಗೊಳ್ಳೆಂದು ನಕ್ಕರು. ವಿಶಾಲಮ್ಮನವರಿಗೂ ನಗು ಬಂತು. "ಅದು ಪರೀಕ್ಷೆಗೆ ಬರಲ್ಲ ಕಣೋ, ಕೂತ್ಕೋ," ಎಂದರು. ಪರೀಕ್ಷೆಗೆ ಬಾರದ್ದನ್ನು ಹೇಳಿ ಯಾರು ತಾನೇ ಬಾಯಿ ನೋಯಿಸಿಕೊಳ್ಳುತ್ತಾರೆ? ಗಂಟೆಯೂ ಹೊಡೆಯಿತು.

ಮುರಳಿ ವೆಲ್ಡಿಂಗ್ ಕಲಿತ. ತೊಂಬತ್ತೊಂಬತ್ತರಲ್ಲಿ ಊರಿನ ಫಿಟ್ಟರ್ ಮುರುಗೇಶಪ್ಪನ ಜೊತೆ ಒರಿಸ್ಸಾದ ಬಂದರಿಗೆ ಕ್ರೇನ್ ಜೋಡಿಸಲು ಹೋದ. ಅಕ್ಟೋಬರ್ ಕೊನೆಗೆ ಅಲ್ಲಿ ಚಂಡಮಾರುತ ಬಡಿಯಿತು. ಫೋನಿಲ್ಲ, ರೈಲಿಲ್ಲ. ತಮ್ಮ ಬದುಕಿದ್ದಾನೆ ಎಂದು ಯಾರಾದರೂ ಹೇಳಲಿ ಎಂದು ವಿಶಾಲಮ್ಮ ಅನ್ನ ನೀರು ಬಿಟ್ಟು ಟಿ.ವಿ. ಮುಂದೆ ಕೂತರು.

ಕೊನೆಗೆ ಮುರುಗೇಶಪ್ಪ ಬಂದ, ಒಬ್ಬನೇ.

"ಶೆಡ್ಡಲ್ಲಿ ಎಲ್ಲಾ ಬಚಾವಾಗಿದ್ವಿ ಟೀಚರಮ್ಮ. ಗಾಳಿ ಥಟ್ಟಂತ ನಿಂತೋಯ್ತು, ಬೆಳಕೂ ಬಂತು. ಮುಗೀತು ಅಂದ್ಕೊಂಡ್ವಿ. ಕುಡಿಯೋಕೆ ನೀರು ತರ್ತೀನಿ ಅಂತ ಮುರಳಿ ಕೊಡ ತಗೊಂಡು ಹೋದ. ಆಮೇಲೆ ಎದುರು ದಿಕ್ಕಿಂದ ಬಂತು ನೋಡಿ ಗಾಳಿ, ಅದರ ಹಿಂದೇನೇ ಸಮುದ್ರ..."

"ಸುಳಿಯ ಮಧ್ಯಕ್ಕೆ ಗಾಳಿ ಹೋಗಲ್ಲ. ಅದನ್ನ ಕಣ್ಣು ಅಂತಾರೆ. ಅದು ದಾಟಿದ ಮೇಲೆ ಆ ಕಡೆಯ ಗಾಳಿ ಬರತ್ತೆ," ಎಂದರು ವಿಶಾಲಮ್ಮ, ಪಾಠ ಹೇಳುವ ದನಿಯಲ್ಲೇ. "ನಂಗೆ ಗೊತ್ತಿತ್ತು ಮುರುಗೇಶಪ್ಪ. ಅವನು ಕೇಳಿದ್ದ." ಆಮೇಲೆ ಅವರು ಅತ್ತದ್ದು ಇಡೀ ಬೀದಿಗೆ ಕೇಳಿಸಿತು.

ಹಣೆಬರಹಕ್ಕೆ ಹೊಣೆ ಯಾರು ಎಂದು ನೆರೆಯವರು ಸಮಾಧಾನ ಹೇಳಿದರು. ಹೊಣೆ ಯಾರೆಂದು ತನಗೆ ಗೊತ್ತು ಅನ್ನುವುದೇ ಅವರ ಸಂಕಟವಾಗಿತ್ತು.

ಮರುವರ್ಷ ಶಿವಮೊಗ್ಗದ ಕೋಟೆ ಬಳಿಯ ಶಾಲೆಗೆ ವರ್ಗವಾಯಿತು. ಅದೇ ತಟ್ಟೆ, ಅದೇ ಪುಡಿ. ಗೆರೆ ಎಳೆದಾದ ಮೇಲೆ ಮಾತ್ರ ಅವರು ನಡುವೆ ಬೆರಳಿಟ್ಟು ಹೇಳತೊಡಗಿದರು: "ಇಲ್ಲಿ ಗಾಳಿ ಇರಲ್ಲ. ಮುಗೀತು ಅನ್ಸತ್ತೆ, ಮುಗಿದಿರಲ್ಲ. ಹೊರಗೆ ಹೋಗ್ಬೇಡಿ."

ಇಂಪನಾ ಎಂಬ ಹುಡುಗಿ ಎದ್ದು ನಿಂತಳು. "ಮಿಸ್, ಇದು ಪರೀಕ್ಷೆಗೆ ಬರತ್ತಾ?"

ತಿರುಗುತ್ತಿದ್ದ ತಟ್ಟೆಯನ್ನು ವಿಶಾಲಮ್ಮ ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದರು.

"ಬರಲ್ಲ ಕಣಮ್ಮ," ಎಂದರು. "ಬರ್ಕೋ."