ಬಾಗಿಲಿಗೆ ಕಟ್ಟದ ಬೇವು

ಮೊನ್ನೆ ಕೊಪ್ಪಳದ ನಮ್ಮ ಓಣಿಯಲ್ಲಿ, ಎದುರು ಮನೆಯ ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದ್ದು ಕಂಡಿತು. ಒಳಗಿನಿಂದ ಬೇವು, ಅರಿಷಿಣ ಹಾಕಿ ಕುದಿಸಿದ ನೀರಿನ ವಾಸನೆ. ಮೊಸರಿನ ಬಟ್ಟಲು ಹಿಡಿದು ಆ ಮನೆಗೇ ಹೊರಟವಳು ನಡುದಾರಿಯಲ್ಲಿ ನಿಂತುಬಿಟ್ಟೆ. ಆ ವಾಸನೆ ಮೂಗಿಗೆ ಬಡಿದರೆ ಇಂದಿಗೂ ಕಾಕಿಯ ನೆನಪಾಗುತ್ತದೆ, ಹಿಂದೆಯೇ ಸಿಟ್ಟೂ ಬರುತ್ತದೆ.

ಕಾಕಿ ಅಂದರೆ ಚಿಕ್ಕಮ್ಮ, ಆದರೆ ರಕ್ತಸಂಬಂಧವೇನಲ್ಲ. ಕುಕನೂರಿನಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಮನೆಯಾಕೆ. ಕೊಪ್ಪಳ ಹೊಸದಾಗಿ ಜಿಲ್ಲೆಯಾದ ಕಾಲವದು. ನನಗೆ ರೊಟ್ಟಿ ಬಡಿಯಲು ಕಲಿಸಿದ್ದು ಆಕೆಯೇ. ನನ್ನ ರೊಟ್ಟಿ ಅಡ್ಡಾದಿಡ್ಡಿ ಹರಿದಾಗಲೆಲ್ಲ, ಇದು ರೊಟ್ಟಿಯೋ ಹೊಸ ಜಿಲ್ಲೆಯ ನಕಾಶೆಯೋ ಎಂದು ನಗಿಸುತ್ತಿದ್ದಳು.

ನನ್ನ ತಂಗಿಗೆ ಹುಟ್ಟಿನಿಂದಲೇ ರಕ್ತಹೀನತೆ, ಅವ್ವನ ಕಡೆಯಿಂದ ಬಂದದ್ದು. ಅವಳ ರಕ್ತದ ಕಣಗಳು ಬೇಗ ಒಡೆದು ಹೋಗುತ್ತವೆ, ಮೈ ಬಿಡುವಿಲ್ಲದೆ ಹೊಸದು ತಯಾರಿಸುತ್ತಲೇ ಇರಬೇಕು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಮೈಮೇಲೆ ಗುಳ್ಳೆ, ಕೆಂಪು ಎದ್ದ ಮಕ್ಕಳ ಹತ್ತಿರ ಬಿಡಬೇಡಿ ಎಂದೂ ಎಚ್ಚರಿಸಿದ್ದರು. ಅವ್ವ ಅದನ್ನು ಕಾಕಿಗೆ ಬಿಡಿಸಿ ಹೇಳಿದ್ದಳು. ನಮ್ಮ ಕಡೆ ಮಗುವಿನ ಮೈಮೇಲೆ ಏನೇ ಎದ್ದರೂ ಅಮ್ಮ ಬಂದಳೆಂದು ಬಾಗಿಲಿಗೆ ಬೇವು ಕಟ್ಟುತ್ತಾರೆ. ಅದನ್ನು ಬಿಚ್ಚುವವರೆಗೆ ಹೊರಗಿನವರು ಒಳಗೆ ಹೋಗುವುದಿಲ್ಲ, ಆ ಮನೆಯಲ್ಲಿ ಶುಭಕಾರ್ಯವೂ ನಡೆಯುವುದಿಲ್ಲ. ಕಾಕಿ ಅವ್ವನ ಕೈಹಿಡಿದು, "ನನ್ನ ಬಾಗಲಾಗ ತಪ್ಪಲ ಕಂಡ್ರ ಹುಡುಗಿನ್ನ ಕಳಸಬ್ಯಾಡವ್ವ. ಇಲ್ಲಂದ್ರ ಇದೂ ಆಕಿ ಮನಿನ" ಎಂದಳು. ಆ ಮಾತನ್ನು ನಾವು ಕಣ್ಣುಮುಚ್ಚಿ ನಂಬಿದೆವು.

ಮುಂದೆ ಆಕೆಯ ಕಿರಿಮಗಳ ಮದುವೆ ಗೊತ್ತಾಯಿತು. ಬೀಗರು ಗಂಗಾವತಿ ಕಡೆಯ ಗದ್ದೆಯುಳ್ಳವರು. ಮದುವೆಗೆಂದು ಹಿರಿಮಗಳು ತನ್ನ ಕೂಸಿನೊಂದಿಗೆ ಮೊದಲೇ ಬಂದಿದ್ದಳು. ಆ ಕೂಸಿಗೂ ನನ್ನ ತಂಗಿಗೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ. ಕೂಸಿನ ಮೂಗು ಸೋರುತ್ತಿತ್ತು, ಮೈ ತುಸು ಬೆಚ್ಚಗಿತ್ತು. ಥಂಡಿ ಎಂದು ಬಿಟ್ಟೆವು. ವಾರ ಕಳೆದು ಅರಿಷಿಣ ಹಚ್ಚುವ ದಿನ ನೋಡಿದರೆ, ಮದುಮಗಳಿಗಿಂತ ಹೆಚ್ಚು ಅರಿಷಿಣ ಆ ಕೂಸಿನ ಮುಖಕ್ಕೇ ಬಳಿದಿತ್ತು. ನಾವೆಲ್ಲ ನಕ್ಕೆವು. ಕಾಕಿ ನಗಲಿಲ್ಲ... ತಂಗಿಯನ್ನು ಅದರ ಪಕ್ಕದಲ್ಲೇ ಊಟಕ್ಕೆ ಕೂಡಿಸಿದ್ದೂ ಕಾಕಿಯೇ.

ಮದುವೆಯಾದ ಮೂರನೆಯ ದಿನ ತಂಗಿ ನಿಲ್ಲಲಾರದೆ ಕುಸಿದಳು. ತುಟಿ, ಉಗುರು ಬಿಳಿಚಿಕೊಂಡಿದ್ದವು. ಕಾಕಿಯನ್ನು ಕರೆಯಲು ಓಡಿದೆ. ಬಚ್ಚಲಲ್ಲಿ ಬೇವಿನ ನೀರು ಹಬೆಯಾಡುತ್ತಿತ್ತು. ಅರಿಷಿಣ ತೊಳೆದ ಕೂಸಿನ ಕೆನ್ನೆ ಯಾರೋ ಹೊಡೆದಂತೆ ಕೆಂಪಗೆ, ತೋಳಿನ ಮೇಲೂ ಬಲೆಬಲೆಯಾಗಿ ಕೆಂಪು. ಇದು ಎಂದಿನಿಂದ ಎಂದು ಕೇಳಿದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಆಕೆ ಅಂದಳು: "ತಪ್ಪಲ ಕಟ್ಟಿದ್ರ ಬೀಗರು ತಿರುಗಿ ಹೋಗತಿದ್ರವ್ವ. ನಾ ಏನ್ ಮಾಡ್ಲಿ ಹೇಳು?"

ಹುಬ್ಬಳ್ಳಿಯಲ್ಲಿ ತಂಗಿಗೆ ಬಾಟಲಿ ಮೇಲೆ ಬಾಟಲಿ ರಕ್ತ ಏರಿಸಿದರು. ಪಾರ್ವೊ ಎಂಬ ವೈರಸ್ಸಂತೆ. ಉಳಿದ ಮಕ್ಕಳಿಗೆ ಬಂದು ಹೋದದ್ದೇ ತಿಳಿಯುವುದಿಲ್ಲವಂತೆ, ಆದರೆ ಅದು ಕೆಲವು ದಿನ ಮೈಯಲ್ಲಿ ಹೊಸ ರಕ್ತ ಹುಟ್ಟುವುದನ್ನೇ ನಿಲ್ಲಿಸುತ್ತದಂತೆ. ನನ್ನ ತಂಗಿಯಂಥವರಿಗೆ ಆ ದಿನಗಳೇ ಗಂಡಾಂತರ. ಅವಳು ಬದುಕಿದಳು. ಊರಿಗೆ ಮರಳಿದ ದಿನ ಕಾಕಿ ಗಂಜಿ ಹಿಡಿದು ಬಂದಳು. ನೋಡಿಯೂ ನೋಡದಂತೆ ಬಾಗಿಲು ಮುಚ್ಚಿ ಅಗಳಿ ಹಾಕಿದೆ. ಬಹಳ ಹೊತ್ತು ಹೊರಗೆ ಬಳೆಯ ಸದ್ದಿತ್ತು... ಆಮೇಲೆ ಆಕೆಯ ಸಂಗಡ ನಾನು ಮಾತಾಡಲೇ ಇಲ್ಲ. ಆಕೆ ತೀರಿಕೊಂಡಾಗ ಮಣ್ಣಿಗೂ ಹೋಗಲಿಲ್ಲ.

ಹೋದ ವರ್ಷ ತಂಗಿಯ ತಪಾಸಣೆಗೆ ಹೋದಾಗ ಹೊಸ ಡಾಕ್ಟರು ಹಳೆಯ ಕಾಗದ ನೋಡಿ ಒಂದು ಮಾತು ಹೇಳಿದರು. ಕೆನ್ನೆ ಕೆಂಪಾಗುವ ಹೊತ್ತಿಗೆ ಆ ರೋಗ ಅಂಟುವ ಕಾಲ ಹೆಚ್ಚೂಕಡಿಮೆ ಮುಗಿದಿರುತ್ತದೆ, ಮೂಗು ಸೋರುವಾಗಲೇ ಅಂಟಿರಬೇಕು ಎಂದು. ಅಂದರೆ ಕಾಕಿ ಬೇವು ಕಟ್ಟಿದ್ದರೂ ತಂಗಿ ಬೀಳುವುದು ತಪ್ಪುತ್ತಿರಲಿಲ್ಲ. ತಂಗಿ ಬಸ್ಸಿನಲ್ಲಿ ಕೂತು ಅತ್ತಳು. ಪಾಪ, ಕಾಕಿಯದೇನೂ ತಪ್ಪಿರಲಿಲ್ಲ ಎಂದಳು. ನನಗೆ ಅಳು ಬರಲಿಲ್ಲ. ಅರಿಷಿಣ ಬಳಿಯುವಾಗ ಈ ಸಂಗತಿ ಆಕೆಗೆ ಗೊತ್ತಿತ್ತೇನು? ರೋಗ ಅಂಟೀತು ಎಂದು ಗೊತ್ತಿದ್ದೂ ತಂಗಿಯನ್ನು ಪಕ್ಕದಲ್ಲಿ ಕೂಡಿಸಿದಳಲ್ಲ!

ಎದುರು ಮನೆಯ ಹೆಣ್ಣುಮಗಳು ನನ್ನನ್ನು ಕಂಡು ಹೊಸ್ತಿಲ ಒಳಗಿನಿಂದಲೇ ಹೇಳಿದಳು: "ಅಲ್ಲೇ ನಿಲ್ರಿ ಅಕ್ಕಾರ. ಕೂಸಿಗೆ ಅಮ್ಮ ಬಂದಾಳ." ಬಟ್ಟಲನ್ನು ಕಟ್ಟೆಯ ಮೇಲಿಟ್ಟು ತಿರುಗಿ ಬಂದೆ.

ಇಷ್ಟೇ ಮಾತು, ಕಾಕಿ. ಬಾಗಿಲಿಗೆ ಕಟ್ಟುವುದು ಬೇಡವಾಗಿತ್ತು. ಹಿತ್ತಲ ಗೋಡೆಯ ಮೇಲಿಂದ ಅವ್ವನ ಕಿವಿಯಲ್ಲಿ ಹೇಳಿದ್ದರೆ ನಾವು ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ, ಮದುವೆಯೂ ನಿಲ್ಲುತ್ತಿರಲಿಲ್ಲ... ಈಗ ಇದನ್ನು ಹೇಳೋಣವೆಂದರೆ ಗೋಡೆಯ ಆಚೆ ನೀನಿಲ್ಲ.