ಗಟಾರದಲ್ಲಿ ತಿಳಿನೀರು

ಗೆಳೆಯರೇ, ಇವತ್ತು ನಮ್ಮ ಬನಹಟ್ಟಿಯ ಗಟಾರದಲ್ಲಿ ತಿಳಿನೀರು ಹರಿಯುತ್ತಿತ್ತು. ನೂಲಿಗೆ ಬಣ್ಣ ಹಾಕಿ ಹೊರಬಿಡುವ ನೀರಿನಿಂದ ಊರಿಗಾಗುವ ನಷ್ಟವೆಷ್ಟು ಎಂಬುದೇ ಪರಿಸರ ಅರ್ಥಶಾಸ್ತ್ರದ ಎಂ.ಎ.ಗೆ ನಾನು ಬರೆಯುತ್ತಿರುವ ಪ್ರಬಂಧ. ಪ್ರತಿ ಸಲ ಧಾರವಾಡದಿಂದ ಬಂದಾಗ ಕೆಂಪೋ ಹಸಿರೋ ನೀರನ್ನು ಬಾಟಲಿಗೆ ತುಂಬಿಕೊಳ್ಳುತ್ತಿದ್ದೆ. ಇವತ್ತು ಬಸ್ಸಿಳಿದವಳೇ ಖುಷಿಯಿಂದ ಬಗ್ಗಿ ತಿಳಿನೀರನ್ನೇ ಬಾಟಲಿಗೆ ತುಂಬಿಕೊಂಡೆ.

ಕಟ್ಟೆಯ ಮೇಲಿದ್ದ ನೇಕಾರ ಕಾಕಾ ಕೇಳಿದರು, "ನೀರು ತಿಳಿ ಆಗೇತಿ ಅಂತ ಖುಷಿ ಆತೇನವಾ?"

"ಛಲೋ ಆತಲ್ರೀ ಕಾಕಾ."

"ಬಣ್ಣದ ನೀರು ಬಂದ್ರ ಓಣ್ಯಾಗ ಕೆಲಸ ಐತಿ ಅಂತ ನಮ್ಮ ಲೆಕ್ಕ. ಈಗ ಸೀರಿ ಯಾರೂ ಒಯ್ಯವಲ್ರು. ನಿಮ್ಮಪ್ಪನೂ ಮಗ್ಗ ನಿಂದ್ರಿಸ್ಯಾನ."

ಆಗ ಕಿವಿಗೊಟ್ಟೆ. ಇಡೀ ಓಣಿಯಲ್ಲಿ ಒಂದು ಮಗ್ಗದ ಸದ್ದೂ ಇರಲಿಲ್ಲ.

ಪ್ರಬಂಧದ ಮಾರ್ಗದರ್ಶಕರಿಗೆ ಫೋನ್ ಮಾಡಿ ನೀರು ತಿಳಿಯಾದದ್ದನ್ನು ಹೇಳಿದೆ. "ಭಾಳ ಛಲೋ ಸುದ್ದಿ. ನಷ್ಟ ಕಡಿಮಿ ಆಗೇತಿ ಅಂತ ಬರಿ" ಎಂದರು.

ಊಟಕ್ಕೆ ಕೂತಾಗ ಅವ್ವ ಆ ಬಾಟಲಿಯನ್ನು ಕುಡಿಯುವ ನೀರೆಂದುಕೊಂಡು ಅಪ್ಪನ ಮುಂದೆ ಇಟ್ಟಳು. "ಅದು ಗಟಾರದ್ದಬೇ" ಎಂದೆ. ಅಪ್ಪ ಅದನ್ನೆತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಊಟ ಮಾಡಲಿಲ್ಲ.

ನಷ್ಟ ಕಡಿಮೆಯಾಗಿದೆ ಎಂದು ಇದೇ ಮನೆಯಲ್ಲಿ ಕೂತು ಬರೆಯಬೇಕು.