ನಾನು ತಡೆದ ಉಡಿ

ನಾನು ನೀಲವ್ವ.
ಬೈಲಹೊಂಗಲದ ದೊಡ್ಡಮನೆಯ ಹಿರಿಯ ಸೊಸೆ.
ಮೂವತ್ತು ವರ್ಷದಿಂದ ಈ ಮನೆಯ ಬೀಗದ ಕೈಗೊಂಚಲು ನನ್ನ ಸೊಂಟದಲ್ಲಿದೆ.
ನಾನು ಹೂಂ ಅನ್ನದೆ ಈ ಮನೆಯ ಹೆಣ್ಣುಮಕ್ಕಳು ಹೊಸ್ತಿಲು ದಾಟಿದ್ದಿಲ್ಲ...

ಆ ಮಾತೇ ಇವತ್ತು ನನಗೆ ಮುಳ್ಳಾಗಿದೆ.

ನಮ್ಮ ಡಾಕ್ಟರ್ ಯೋಹಾನ ಇನ್ನಿಲ್ಲವಂತೆ.
ಇನ್ನಿಲ್ಲವಂತೆ...
ಈ ‘ಅಂತೆ’ಯನ್ನು ಬಿಟ್ಟು ಹೇಳಲು ನನಗೆ ಬಾಯಿ ಬರುತ್ತಿಲ್ಲ.

ನಾನು ಹೇಳುತ್ತಿದ್ದೇನೆ, ನನ್ನ ಸೊಸೆ ಈ ವಾಟ್ಸಾಪ್ ಗ್ರೂಪಿಗೆ ಟೈಪ್ ಮಾಡುತ್ತಿದ್ದಾಳೆ. ಒಂದಕ್ಷರವನ್ನೂ ಬದಲಿಸಬೇಡ ಎಂದಿದ್ದೇನೆ.

ಬೆಳಗ್ಗೆ ಆರೂವರೆಗೆ ಫೋನ್ ಬಂತು. ಆಫ್ರಿಕಾದ ಮಿಷನ್ ಆಸ್ಪತ್ರೆಯಿಂದ.
ಅಲ್ಲಿ ಹಬ್ಬಿದೆಯಲ್ಲ, ಅದೇ ಜ್ವರ. ರೋಗಿಗಳದ್ದು ಡಾಕ್ಟರಿಗೂ ಬಂತು.
ಜ್ವರದಲ್ಲಿ ಹೋದವರನ್ನು ಇಟ್ಟುಕೊಳ್ಳುವುದಿಲ್ಲ, ಇವತ್ತೇ ಮಣ್ಣು ಮಾಡುತ್ತೇವೆ ಎಂದರು.
ಫೋನ್ ಹಿಡಿದವಳು ಸುಶೀಲಾ. ನನ್ನ ನಾದಿನಿ. ಡಾಕ್ಟರ ಹೆಂಡತಿ.
ಅವಳು ಇಲ್ಲಿದ್ದಳು. ಗಂಡನ ಹತ್ತಿರ ಅಲ್ಲ, ನನ್ನ ಮನೆಯಲ್ಲಿ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಯೋಹಾನ ರಾಮದುರ್ಗದ ಮಾಸ್ತರರ ಮಗ. ಸುಶೀಲಾ ನರ್ಸ್ ಕಲಿಯಲು ಹೋದಲ್ಲಿ ಇಬ್ಬರೂ ಮೆಚ್ಚಿ ಮದುವೆಯಾದರು.
ಲಿಂಗ ಕಟ್ಟುವ ಮನೆ ನಮ್ಮದು. ಅವರು ಚರ್ಚಿಗೆ ಹೋಗುವವರು. ಎರಡು ವರ್ಷ ನಾವು ಅವಳೊಡನೆ ಮಾತು ಬಿಟ್ಟೆವು. ಆಮೇಲೆ ನಾನೇ ಹೋಗಿ ಇಬ್ಬರನ್ನೂ ಕರೆತಂದೆ.
ಇಬ್ಬರೂ ದೂರದ ಆ ಆಸ್ಪತ್ರೆ ಸೇರಿದರು. ಮೂರು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ.
ರಜೆ ಅಂದರೆ ಏನು ರಜೆ! ಬೆಳಗಾದರೆ ನಮ್ಮ ಪಡಸಾಲೆಯಲ್ಲಿ ಅರ್ಧ ಓಣಿ ಬಿಪಿ ನೋಡಿಸಿಕೊಳ್ಳಲು ಕೂತಿರುತ್ತಿತ್ತು.

ಡಾಕ್ಟರೇ...
ನಿಮ್ಮ ಮುಂದೆ ಒಪ್ಪಿಕೊಳ್ಳುವುದಿದೆ.

ಈ ಸಲ ನೀವು ಬಂದಾಗ ನಾನು ನಿಮಗೊಂದು ಸ್ಟೀಲಿನ ಲೋಟ ಬೇರೆ ಇಟ್ಟೆ. ಯಾವ ರೋಗ ಹೊತ್ತು ತಂದಿದ್ದೀರೋ ಎಂಬ ಹೆದರಿಕೆ. ಮನೆಯಲ್ಲಿ ಕೂಸುಗಳಿದ್ದವು.
ನಿಮಗೆ ಮೊದಲ ದಿನವೇ ತಿಳಿಯಿತು. ನೀವೇ ತೊಳೆದು, ಬಿಸಿಲಲ್ಲಿ ಬೋರಲು ಹಾಕುತ್ತಿದ್ದಿರಿ.
“ಅಕ್ಕಾರ, ಈ ಲೋಟ ನನ್ನ ಹೆಸರಿಗೆ ಬರದು ಕೊಡ್ರಿ. ತವರಮನಿ ಆಸ್ತ್ಯಾಗ ನಿಮ್ಮ ನಾದಿನಿ ಪಾಲು ಇಷ್ಟ ಅಂತ ತಿಳಕೋತೇನಿ!”
ಎಲ್ಲರೂ ನಕ್ಕರು. ನಾನು ನಗಲಿಲ್ಲ.
ಹೋಗುವಾಗ ಆ ಲೋಟವನ್ನು ನಿಜವಾಗಿಯೂ ಚೀಲದಲ್ಲಿ ಹಾಕಿಕೊಂಡಿರಿ...
ಕೊನೆಗೆ ಅದರಲ್ಲೇ ನೀರು ಕುಡಿದಿರಾ? ಕುಡಿಸಿದವರು ಯಾರು?

ರಜೆ ಮುಗಿಯುವ ಮೊದಲೇ ಕರೆ ಬಂದಿತ್ತು. ಜ್ವರ ಹಬ್ಬಿದೆ, ಇಬ್ಬರೂ ಬೇಗ ಬನ್ನಿ ಎಂದು.
ನೀವು ಮರುದಿನವೇ ಹೊರಟಿರಿ. ಸುಶೀಲಾ ಕೂಡ ಸೀರೆ ಮಡಚಿಟ್ಟಿದ್ದಳು.
ನಾನು ಅಡ್ಡ ನಿಂತೆ.
“ಉಡಿ ತುಂಬದ ಹೆಣ್ಮಗಳನ್ನ ಹೆಂಗ ಕಳಸ್ಲಿ? ನಾಳೆ ಮಂಗಳವಾರ, ಆಗೂದಿಲ್ಲ.”
“ನಿಮ್ಮ ಮಂಗಳವಾರ ಜ್ವರಕ್ಕ ಗೊತ್ತಿಲ್ರಿ ಅಕ್ಕಾರ,” ಎಂದಿರಿ. ಆದರೂ ನನ್ನ ಮಾತು ಮೀರಲಿಲ್ಲ. “ಹಿಂದಿಂದ ಬಾ” ಎಂದು ಅವಳಿಗೆ ಹೇಳಿ ಒಬ್ಬರೇ ಹೋದಿರಿ.

ಮಂಗಳವಾರ ಹೋಯಿತು. ಶುಕ್ರವಾರ ಮನೆಯ ಲಕ್ಷ್ಮಿಯನ್ನು ಹೊರಗೆ ಕಳಿಸಬಾರದು ಎಂದೆ. ಆಮೇಲೆ ಅಮಾವಾಸ್ಯೆ ಎಂದೆ.
ಟಿಕೆಟ್ ಎರಡು ಸಲ ಮುಂದೆ ಹಾಕಿಸಿದೆ. ಮೂರು ವಾರ ಹೀಗೇ...
ತವರಿನ ಉಡಿ ಇಲ್ಲದೆ ಅವಳು ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಧರ್ಮ ಬದಲಾದರೂ ಅದೊಂದನ್ನು ಅವಳು ಬಿಟ್ಟಿರಲಿಲ್ಲ.
ಪಂಚಾಂಗದಲ್ಲಿ ಏನೂ ಇರಲಿಲ್ಲ ಡಾಕ್ಟರೇ. ನನಗೆ ಹೆದರಿಕೆ ಇತ್ತು. ಹೋದರೆ ಸಾಯುತ್ತಾಳೆ ಎಂದು.
ಅವಳನ್ನು ಉಳಿಸಿಕೊಂಡೆ. ನಿಮ್ಮ ಹತ್ತಿರ ಯಾರೂ ಇಲ್ಲದಂತೆ ಮಾಡಿದೆ.

ಇವತ್ತು ಬೆಳಗ್ಗೆ ಫೋನ್ ಇಟ್ಟ ಸುಶೀಲಾ ಅಳಲಿಲ್ಲ. ಚೀಲ ತೆಗೆದಳು.
ನಾನು ಆ ಚೀಲಕ್ಕೆ ಕೈ ಅಡ್ಡ ಇಟ್ಟೆ.
“ಇನ್ನ ಯಾರ ಸಂಬಂಧ ಹೋಗತಿ ಅಲ್ಲಿಗೆ?”
“ಅವರು ಯಾರ ಸಂಬಂಧ ಹೋಗಿದ್ರು, ಅವರ ಸಂಬಂಧ, ವೈನಿ. ವಾರ್ಡ್ ತುಂಬೇತಿ. ಇಬ್ಬರ ನರ್ಸ್ ಉಳದಾರ.”
ನಾಳೆ ರಾತ್ರಿ ಮುಂಬೈಯಿಂದ ಅವಳ ವಿಮಾನ. ಈ ಸಲವೂ ತಡೆಯಬಹುದಿತ್ತು. ಒಂದು ಮಾತು ಸಾಕಿತ್ತು.

ನಾನು ಒಳಗೆ ಹೋಗಿ ಮೊರ ತಂದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು, ಕುಪ್ಪಸಕ್ಕೆ ಹಸಿರು ಖಣ.
ಸವದತ್ತಿಯಿಂದ ಬಂದು ನಮ್ಮಲ್ಲೇ ಇದ್ದ ನಮ್ಮ ಯಜಮಾನರ ಸೋದರತ್ತೆ ಎದ್ದು ನಿಂತರು.
“ನೀಲವ್ವ, ತಲಿ ಕೆಟ್ಟೈತೇನ ನಿನಗ? ಗಂಡ ಸತ್ತಾಕಿಗೆ ಉಡಿ ತುಂಬತಾರೇನ? ಅದೂ ಶುಕ್ರವಾರ!”
“ತುಂಬತಾರ್ರಿ ಅತ್ತಿ. ಇವತ್ತಿನಿಂದ ಈ ಮನ್ಯಾಗ ತುಂಬತಾರ.”

ಸುಶೀಲಾ ಸೆರಗು ಒಡ್ಡಲು ಹಿಂಜರಿದಳು. “ಒಡ್ಡು” ಎಂದು ಗದರಿದೆ.
ನಾಲ್ಕು ಬೊಗಸೆ ಸರಿಯಾಗಿ ಹಾಕಿದೆ. ಐದನೆಯದು ಸೆರಗಿನ ಅಂಚಿಗೆ ತಾಗಿ ನೆಲಕ್ಕೆ ಚೆಲ್ಲಿತು. ಅಪಶಕುನವೇನೋ ಎಂದು ಹೆದರಿದೆ...
ಅವಳೇ ಬಗ್ಗಿ, ಒಂದೊಂದು ಕಾಳೂ ಆರಿಸಿ ಉಡಿಗೆ ಹಾಕಿಕೊಂಡಳು.
“ಹೆದರಬ್ಯಾಡ್ರಿ ವೈನಿ. ಎಲ್ಲಾ ಬಂತು, ನೋಡ್ರಿ.”

ಹೆದರಿಕೆ ಹೋಗಿಲ್ಲ. ಇದನ್ನು ಹೇಳುವಾಗಲೂ ಕಣ್ಣು ಫೋನಿನ ಮೇಲಿದೆ. ಇನ್ನು ಅದು ಸದ್ದು ಮಾಡಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತದೆ.
ಗ್ರೂಪಿನವರೆಲ್ಲ ಅವಳಿಗಾಗಿ ಬೇಡಿಕೊಳ್ಳಿ. ನಿಮ್ಮ ದೇವರು ಯಾರೇ ಇರಲಿ.

ಡಾಕ್ಟರೇ, ನಿಮ್ಮನ್ನು ಕರೆದುಕೊಂಡ ಆ ದೇವರು ನಿಮಗೆ ತಂಪು ನೆರಳು ಕೊಡಲಿ. ಈಗಲಾದರೂ ಪೂರಾ ರಜೆ ಸಿಗಲಿ.
ನೀವು ಹೇಳಿದಂತೆ ಅವಳು ನಿಮ್ಮ ಆಸ್ಪತ್ರೆಗೆ ಹಿಂದಿನಿಂದ ಬರುತ್ತಿದ್ದಾಳೆ.
ಹತ್ತೂವರೆಯ ಬೆಳಗಾವಿ ಬಸ್ಸಿಗೆ ನಾನೇ ಹತ್ತಿಸಿ ಬಂದಿದ್ದೇನೆ. ಉಡಿ ತುಂಬಿ.